ಮೊದಲು ಗೋಡೆ ನೋಡಿ

ಪ್ರತಿ ಬಳಗದಲ್ಲೂ ಕಂಪ್ಯೂಟರ್ ಗೊತ್ತಿರುವವನು ಅಂತ ಒಬ್ಬನಿರುತ್ತಾನೆ. ಅವನು ಓದಿದ್ದು ಕಾಮರ್ಸೋ, ಕನ್ನಡ ಎಂ.ಎ.ಯೋ ಯಾರಿಗೂ ಬೇಕಿಲ್ಲ. ಯಾವುದೋ ಮದುವೆಮನೆಯ ಜಗಲಿಯಲ್ಲಿ ಯಾರದೋ ಫೋನಿಗೆ ಕನ್ನಡ ಕೀಲಿಮಣೆ ಹಾಕಿಕೊಟ್ಟಿದ್ದರೆ ಸಾಕು, ಪಟ್ಟ ಕಟ್ಟಿಬಿಡುತ್ತಾರೆ. ನಮ್ಮ ಬಳಗದಲ್ಲಿ ಆ ಪಟ್ಟ ನನ್ನದು. ಸಂಬಳವಿಲ್ಲ, ನಿವೃತ್ತಿಯೂ ಇಲ್ಲ. ರಾತ್ರಿ ಊಟ ಮುಗಿಸಿ ಕೈ ತೊಳೆಯುವ ಹೊತ್ತಿಗೆ ಸರಿಯಾಗಿ ಫೋನು ಬರುತ್ತದೆ. ಮಳೆ, ಕೊಳೆರೋಗ, ಅಡಿಕೆ ರೇಟು ಎಲ್ಲ ಮುಗಿದು ಇನ್ನೇನು ಇಡಬೇಕು ಅನ್ನುವಾಗ, "ಅದಿರ್ಲಿ, ನಿನ್ನ ಹತ್ರ ಒಂದು ಕೇಳ್ಬೇಕಿತ್ತು" ಎಂದು ಅಸಲು ವಿಷಯ ಹೊರಬೀಳುತ್ತದೆ. ಟಿವಿ ಇರಲಿ, ರೂಟರ್ ಇರಲಿ, ಲ್ಯಾಪ್‌ಟಾಪ್ ಇರಲಿ, ಕೇಳುವುದು ಒಂದೇ: "ಯಾವ ಕಂಪನಿದು ತಗೊಳ್ಳೋದು?"

ಬಾಯಿಗೆ ಬಂದ ಒಂದು ಹೆಸರು ಹೇಳಿದರೆ ಅವರಿಗೂ ಸಮಾಧಾನ, ನನಗೂ ನಿದ್ದೆ. ಆದರೆ ನನಗೆ ಹಾಗೆ ಹೇಳಲು ಬರುವುದಿಲ್ಲ. ಮನೆಯ ಗೋಡೆ ಎಂಥದ್ದು, ಅರ್ತಿಂಗ್ ಮಾಡಿಸಿ ಎಷ್ಟು ವರ್ಷವಾಯಿತು, ಕೂರುವುದು ಎಲ್ಲಿ, ಪ್ಲಗ್ ಪಾಯಿಂಟ್ ಎಲ್ಲಿದೆ ಎಂದು ತಿರುಗಿ ಕೇಳುತ್ತೇನೆ. "ರೂಟರ್ ಕೇಳಿದ್ರೆ ಗೋಡೆ ಕೇಳ್ತೀಯಲ್ಲ ಮಾರಾಯ" ಎಂದು ಭಾವ ಎಷ್ಟೋ ಸಲ ರೇಗಿದ್ದುಂಟು. ರೇಗಲಿ. ಒಂದೇ ಬೆಲೆಯ ಎರಡು ಕಂಪನಿಗಳ ರೂಟರ್ ಬಿಚ್ಚಿ ನೋಡಿದರೆ ಒಳಗಿನ ಚಿಪ್ಪು ಬೆರಳೆಣಿಕೆಯ ತಯಾರಕರದ್ದೇ ಆಗಿರುತ್ತದೆ. ಆದರೆ ಒಂದು ಮನೆಯ ಹಾಗೆ ಇನ್ನೊಂದು ಮನೆ ಇರುವುದಿಲ್ಲ. ಹೊಸ ಸಾಮಾನು ಸರಿಯಿಲ್ಲ ಎಂದು ಬರುವ ದೂರುಗಳಲ್ಲಿ ಹೆಚ್ಚಿನವು ಮನೆಯ ದೂರುಗಳೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಭಾವನ ಮನೆಯನ್ನೇ ತೆಗೆದುಕೊಳ್ಳಿ. ಸಾಗರದ ಕಡೆಯ ಹಳೆಯ ಮನೆ. ಗೋಡೆಯೆಲ್ಲ ಜಂಬಿಟ್ಟಿಗೆ, ಮೊಳಕ್ಕೆ ಕಡಿಮೆಯಿಲ್ಲದ ದಪ್ಪ. ಬೇಸಿಗೆಯಲ್ಲಿ ಒಳಗೆ ಕಾಲಿಟ್ಟರೆ ತಂಪು. ಅದನ್ನು ಕಟ್ಟಿಸಿದವರು ಬಿಸಿಲು ಒಳಗೆ ಬರಬಾರದು ಎಂದು ಲೆಕ್ಕ ಹಾಕಿದ್ದರು, ವೈಫೈ ಲೆಕ್ಕದಲ್ಲಿರಲಿಲ್ಲ. ಫೈಬರ್ ಎಳೆಯಲು ಬಂದ ಹುಡುಗ ಬೀದಿ ಕಡೆಯ ಕಿಟಕಿಯಿಂದ ತಂತಿ ಒಳಗೆ ತೂರಿಸಿದ, ಕಿಟಕಿ ಪಕ್ಕದಲ್ಲಿ ಕಬ್ಬಿಣದ ಬೀರು ಇತ್ತು, ಅದರ ಹಿಂದೆ ಪ್ಲಗ್ ಇತ್ತು, ರೂಟರನ್ನು ಅಲ್ಲೇ ನೆಟ್ಟು ಸಹಿ ಹಾಕಿಸಿಕೊಂಡು ಹೋದ. ನಮ್ಮ ಊರುಗಳಲ್ಲಿ ರೂಟರಿನ ಜಾಗ ನಿರ್ಧಾರವಾಗುವುದೇ ಹೀಗೆ. ಎಲ್ಲಿ ತಂತಿ ಮುಗಿಯಿತೋ ಅಲ್ಲಿ ಪ್ರತಿಷ್ಠಾಪನೆ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಬಂದ ಅಕ್ಕನ ಮಗ ಉಪ್ಪರಿಗೆಯಲ್ಲಿ ಕೂತು ಕೆಲಸ ಮಾಡುತ್ತಾನೆ. ಮೀಟಿಂಗಿನ ನಡುವೆ ಅವನ ಮುಖ ಕಲ್ಲಾಗುತ್ತದೆ. ಭಾವನ ತೀರ್ಮಾನ: ರೂಟರ್ ದರಿದ್ರ, ನಾಲ್ಕು ಕೋಲಿರುವ ದೊಡ್ಡದು ತರಬೇಕು.

ಕೋಲು ಎಷ್ಟಿದ್ದರೇನು. ವೈಫೈ ಸಾಮಾನ್ಯವಾಗಿ ಎರಡು ಪಟ್ಟಿಗಳಲ್ಲಿ ಹರಿಯುತ್ತದೆ, 2.4 ಗಿಗಾಹರ್ಟ್ಸ್ ಒಂದು, 5 ಗಿಗಾಹರ್ಟ್ಸ್ ಇನ್ನೊಂದು. ಮೊದಲನೆಯದರ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, ಎರಡನೆಯದರದು ಅದರ ಅರ್ಧಕ್ಕಿಂತ ಕಡಿಮೆ. ಪಕ್ಕದ ಬೀದಿಯಲ್ಲಿ ಬ್ಯಾಂಡ್ ಸೆಟ್ ಹೋಗುವಾಗ ಮನೆಯೊಳಗೆ ಕೂತವರಿಗೆ ದೊಡ್ಡ ಡ್ರಮ್ಮಿನ ಗುಡುಗು ಮಾತ್ರ ಮುಟ್ಟುತ್ತದೆ, ಕ್ಲಾರಿನೆಟ್ಟಿನ ರಾಗ ಗೋಡೆಯಾಚೆಯೇ ಉಳಿಯುತ್ತದಲ್ಲ, ಇದೂ ಹಾಗೆಯೇ. 2.4 ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ವೇಗ ಕಡಿಮೆ. 5 ವೇಗದ್ದು, ಆದರೆ ಎರಡು ಗೋಡೆಗೆ ಸುಸ್ತಾಗುತ್ತದೆ. ಮಳೆಗಾಲದಲ್ಲಿ ನೀರು ಕುಡಿದು ನಿಂತ ಜಂಬಿಟ್ಟಿಗೆಯಾದರಂತೂ ಇನ್ನೂ ಬೇಗ, ಯಾಕೆಂದರೆ ಈ ಅಲೆಗಳನ್ನು ಹೀರುವುದರಲ್ಲಿ ನೀರು ನಿಸ್ಸೀಮ. ಅಡುಗೆಮನೆಯ ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ 2.4ರ ಪಕ್ಕದಲ್ಲೇ. ಅನ್ನ ಬಿಸಿ ಮಾಡುವಾಗ ಮೊಮ್ಮಗಳ ವಿಡಿಯೊ ಕಾಲ್ ತೊದಲಿದರೆ ಅಮೆರಿಕದ ಕಡೆಯ ನೆಟ್ಟನ್ನು ಬಯ್ಯಬೇಕಾಗಿಲ್ಲ. ಇನ್ನು ಲೋಹದ ಬೀರು, ನಿಲುವುಗನ್ನಡಿ, ನೀರಿನ ಟ್ಯಾಂಕು, ಇವು ಗೋಡೆಗಿಂತ ದೊಡ್ಡ ಅಡ್ಡಿ.

ನಾನು ಮಾಡಿಸಿದ್ದು ಇಷ್ಟೆ. ಫೈಬರ್ ತಂತಿಯನ್ನು ಉದ್ದ ಮಾಡಿಸಿ, ರೂಟರನ್ನು ಬೀರುವಿನ ಹಿಂದಿನಿಂದ ಎಬ್ಬಿಸಿ ನಡುಮನೆಯ ಕಂಬಕ್ಕೆ, ಆಳೆತ್ತರಕ್ಕಿಂತ ಸ್ವಲ್ಪ ಮೇಲೆ ಕೂರಿಸಿದ್ದು. ಕೆಳಗಿನ ಮನೆಯ ರೋಗ ಅಲ್ಲಿಗೇ ವಾಸಿಯಾಯಿತು. ಅತ್ತಿಗೆಗೆ ಮಾತ್ರ ನಡುಮನೆಯಲ್ಲಿ ಆ ಕರಿ ಡಬ್ಬ ಮಿಣುಕುತ್ತಿರುವುದು ಇವತ್ತಿಗೂ ಕಣ್ಣಿಗೆ ಹಿಡಿಸಿಲ್ಲ. ಮೇಲೆ ಬಟ್ಟೆ ಹೊದಿಸುತ್ತೇನೆ ಅಂದರು. ಬಟ್ಟೆ ಅಲೆಯನ್ನೇನೂ ತಡೆಯುವುದಿಲ್ಲ, ರೂಟರಿಗೆ ಸೆಕೆಯಾಗುತ್ತದೆ ಅಷ್ಟೆ, ಬೇಡ ಅಂದೆ.

ಉಪ್ಪರಿಗೆಗೆ ತಂತಿ ಎಳೆಸಿದೆ. ಈ ಮಾತು ಹೇಳಿದರೆ ಜನ ನನ್ನನ್ನು ಹಳೇಕಾಲದವನ ಹಾಗೆ ನೋಡುತ್ತಾರೆ. ತಂತಿಯಿಲ್ಲದೆ ಆಗಲಿ ಎಂದಲ್ಲವೆ ವೈಫೈ ಹಾಕಿಸಿದ್ದು? ಆದರೆ ಜಾಗ ಬಿಟ್ಟು ಕದಲದ ಯಾವುದಕ್ಕೂ ಅಲೆಯ ಹಂಗು ಬೇಡ ಎಂಬುದು ನನ್ನ ಹಟ. ಮೇಜಿನ ಮೇಲಿನ ಕಂಪ್ಯೂಟರು, ಗೋಡೆಯ ಟಿವಿ, ಸಿಸಿ ಕ್ಯಾಮೆರಾದ ಪೆಟ್ಟಿಗೆ, ಇವಕ್ಕೆಲ್ಲ ತಂತಿಯೇ ಸರಿ. ಕ್ಯಾಟ್ 6 ಕೇಬಲಿನಲ್ಲಿ ಸೆಕೆಂಡಿಗೆ 1 ಗಿಗಾಬಿಟ್ 100 ಮೀಟರ್ ದೂರದವರೆಗೆ ನಿರಾಯಾಸವಾಗಿ ಹೋಗುತ್ತದೆ. ಮಲೆನಾಡಿನ ಯಾವ ಮನೆಯೂ ಅಷ್ಟುದ್ದವಿಲ್ಲ.

ಕೇಬಲ್ ಕೊಳ್ಳುವಾಗ ಮಾತ್ರ ಒಂದು ಬ್ಲೇಡು ಜೇಬಿನಲ್ಲಿರಲಿ. ಅಂಗಡಿಯಲ್ಲಿ ಎರಡು ಬಗೆ ಇರುತ್ತದೆ, ಹೊರಗಿನಿಂದ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಒಂದು ಪೂರ್ತಿ ತಾಮ್ರದ್ದು, ಇನ್ನೊಂದು ಅಲ್ಯುಮಿನಿಯಮ್ಮಿಗೆ ತಾಮ್ರ ಬಳಿದದ್ದು. ಒಂದು ತುಂಡು ಕೇಳಿ ಇಸಕೊಂಡು, ಒಳಗಿನ ಎಳೆಯೊಂದನ್ನು ಬಿಡಿಸಿ, ಬ್ಲೇಡಿನಿಂದ ಕೆರೆಯಿರಿ. ಕೆಂಪು ಹೋಗಿ ಬೆಳ್ಳಗೆ ಮಿಂಚಿದರೆ ಅದು ಬಳಿದದ್ದು. ಅಂಥ ಎಳೆ ಎರಡು ಸಲ ಬಗ್ಗಿಸಿದರೆ ಮುರಿಯುತ್ತದೆ, ಉದ್ದ ಓಡಿಸಿದರೆ ಸೊರಗುತ್ತದೆ. ನಾನು ಕೆರೆಯುವುದನ್ನು ನೋಡಿದ ಅಂಗಡಿಯಾತ ಏನೂ ಮಾತಾಡದೆ ಒಳಗೆ ಹೋಗಿ ಬೇರೆ ಸುರುಳಿ ತಂದ.

ತುದಿಗೆ ಪಿನ್ನು ಹಾಕುವ ಕೆಲಸ ನನಗೆ ಇಷ್ಟ. ಹೊರಸಿಪ್ಪೆ ಸುಲಿದರೆ ಜೋಡಿಜೋಡಿಯಾಗಿ ಹೆಣೆದುಕೊಂಡ ಎಂಟು ಎಳೆ. ಹೆಣಿಗೆ ಬಿಚ್ಚಿ, ಬೆರಳ ಸಂದಿಯಲ್ಲಿ ನೇರ ಮಾಡಿ, ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು ಎಂದು ಸಾಲಾಗಿ ನಿಲ್ಲಿಸಿ, ತುದಿ ಸಮ ಕತ್ತರಿಸಿ, ಪಿನ್ನಿನೊಳಗೆ ತಳ ಮುಟ್ಟುವ ತನಕ ತಳ್ಳಿ, ಕ್ರಿಂಪಿಂಗ್ ಇಕ್ಕಳದಲ್ಲಿ ಒತ್ತಬೇಕು. ಹಸಿರಿನ ಜೋಡಿಯನ್ನು ನೀಲಿಯ ಜೋಡಿ ಒಡೆದು ಕೂರುವುದನ್ನು ಕಂಡು ಅಕ್ಕನ ಮಗ, "ಇದ್ಯಾಕೆ ಮಾವ, ಹಸಿರು ಎರಡೂ ಒಟ್ಟಿಗೇ ಇರಬಾರ್ದಾ?" ಎಂದ. ಹಳೆಯ ಟೆಲಿಫೋನಿನ ಕಾಲದಿಂದ ನಡುವಿನ ಎರಡು ಕಾಲು ಒಂದೇ ಜೋಡಿಗೆ ಮೀಸಲು, ಅದರ ಮರ್ಯಾದೆ ಉಳಿಸಿಕೊಂಡು ಬಂದಿದ್ದಾರೆ. ಇನ್ನೊಂದು ಗುಟ್ಟು. ಸಾವಿರ ಮೆಗಾಬಿಟ್ ಬರಬೇಕಾದಲ್ಲಿ ವೇಗ ನೂರರ ಹತ್ತಿರ ಗೂಟ ಹೊಡೆದ ಹಾಗೆ ನಿಂತಿದ್ದರೆ, ಕಂಪನಿಗೆ ಫೋನ್ ಮಾಡುವ ಮುಂಚೆ ಪಿನ್ನು ನೋಡಿ. ನೂರಕ್ಕೆ ನಾಲ್ಕು ಎಳೆ ಸಾಕು, ಸಾವಿರಕ್ಕೆ ಎಂಟೂ ಬೇಕು. ನೀಲಿಯದ್ದೋ ಕಂದಿನದ್ದೋ ಒಂದೆಳೆ ಕೈಕೊಟ್ಟಿರುತ್ತದೆ. ಮಲೆನಾಡಿನಲ್ಲಾದರೆ ಇಲಿಯನ್ನೂ ಅನುಮಾನಿಸಬಹುದು. ಅಟ್ಟದಲ್ಲಿ ಹಾಯುವ ಕೇಬಲ್ ಪಿವಿಸಿ ಪೈಪಿನೊಳಗೇ ಇರಲಿ.

ಮೇಲೆ ತಲುಪಿದ ತಂತಿಯ ತುದಿಗೆ ಹೊಸದೇನೂ ಬೇಕಾಗಲಿಲ್ಲ. ಹಳೆಯ ಕನೆಕ್ಷನ್ ಕಾಲದ ರೂಟರೊಂದು ಬೀರುವಿನ ತಲೆಯ ಮೇಲೆ ಧೂಳು ತಿನ್ನುತ್ತಿತ್ತು. ಅದರಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಎಂಬ ಕೆಲಸವನ್ನು ನಿಲ್ಲಿಸಿ, ಅದರ ಸ್ವಂತ ವಿಳಾಸವನ್ನು ಕೆಳಗಿನ ರೂಟರಿಗೆ ತಾಗದಂತೆ ಬದಲಿಸಿ, ತಂತಿಯನ್ನು ಲ್ಯಾನ್ ಎಂದು ಬರೆದಿರುವ ತೂತಿಗೆ ಸಿಕ್ಕಿಸಿದರೆ ಅದು ಉಪ್ಪರಿಗೆಯ ವೈಫೈ ಆಗುತ್ತದೆ. ಅಂಗಡಿಯಲ್ಲಿ ಇದರ ಬದಲು ಗೋಡೆಗೆ ಚುಚ್ಚುವ ರಿಪೀಟರ್ ಮಾರುತ್ತಾರೆ. ಅಗ್ಗದ್ದು ಬಂದ ದಾರಿಯಲ್ಲೇ ಕೇಳಿಸಿಕೊಂಡು ಅದೇ ದಾರಿಯಲ್ಲೇ ಮತ್ತೆ ಹೇಳಬೇಕಾದ್ದರಿಂದ ಅರ್ಧ ವೇಗ ಅಲ್ಲೇ ಕಳೆಯುತ್ತದೆ.

ಎರಡನೆಯ ದೊಡ್ಡ ವಿಷಯ ಕರೆಂಟು. ಅಕ್ಕ ಒಮ್ಮೆ ಫೋನು ಮಾಡಿ, "ಹೊಸ ಲ್ಯಾಪ್‌ಟಾಪಲ್ಲಿ ಶಾಕ್ ಹೊಡಿತದೆ, ವಾಪಸ್ ಕಳಿಸ್ಲಾ?" ಎಂದಳು. ಹೇಗೆ ಹೊಡೆಯುತ್ತದೆ ಎಂದು ಕೇಳಿದೆ. ಚಾರ್ಜಿಗೆ ಹಾಕಿದಾಗ ಲೋಹದ ಮುಚ್ಚಳದ ಮೇಲೆ ಬೆರಳನ್ನು ಹಗುರವಾಗಿ ಸವರಿದರೆ ಜುಂ ಅನ್ನುತ್ತದಂತೆ. ಒತ್ತಿ ಹಿಡಿದರೆ ಏನೂ ಇಲ್ಲ. ಚಪ್ಪಲಿ ಹಾಕಿಕೊಂಡರೆ ಏನೂ ಇಲ್ಲ. ಅಲ್ಲಿಗೆ ರೋಗ ತಿಳಿಯಿತು. ಚಾರ್ಜರಿನೊಳಗೆ ಕರೆಂಟಿನ ಕರಕರೆ ಹೊರಗೆ ಹೋಗದಂತೆ ತಡೆಯುವ ಸಣ್ಣ ಕೆಪಾಸಿಟರ್ ಇರುತ್ತದೆ. ಅದರ ಮೂಲಕ ತೃಣಮಾತ್ರ ಕರೆಂಟು ಸೋರುತ್ತದೆ. ಮೂರು ಕಾಲಿನ ಪ್ಲಗ್ಗಿನ ಮೇಲಿನ ದಪ್ಪ ಕಾಲಿನಿಂದ ಅದು ಭೂಮಿಗೆ ಇಳಿಯಬೇಕು. ಇಳಿಯಲು ದಾರಿಯಿಲ್ಲದಿದ್ದರೆ ಲ್ಯಾಪ್‌ಟಾಪಿನ ಮೈಮೇಲೆ ನಿಂತು ಯಾರು ಮುಟ್ಟುತ್ತಾರೋ ಎಂದು ಕಾಯುತ್ತದೆ. ಅಕ್ಕ ಮೂರು ಕಾಲಿನ ಪ್ಲಗ್ಗನ್ನು ಎರಡು ಕಾಲಿನ ಅಡಾಪ್ಟರಿಗೆ ಸಿಕ್ಕಿಸಿದ್ದಳು. ಲ್ಯಾಪ್‌ಟಾಪಿನಲ್ಲಿ ಇದು ಸಾಮಾನ್ಯವಾಗಿ ಅಪಾಯದ್ದಲ್ಲ. ಆದರೆ ಫ್ರಿಜ್ಜು, ಗೀಸರು, ವಾಷಿಂಗ್ ಮಷೀನು ಜುಂ ಅಂದರೆ ತಮಾಷೆ ಬೇಡ, ತಕ್ಷಣ ಮೇನ್ ಇಳಿಸಿ ಎಲೆಕ್ಟ್ರಿಷಿಯನ್ನನ್ನು ಕರೆಯಬೇಕು.

ಅಡಾಪ್ಟರ್ ಕಿತ್ತು ನೇರವಾಗಿ ಹಾಕಿದ ಮೇಲೂ ಜುಂ ನಿಲ್ಲಲಿಲ್ಲ. ಅಂದರೆ ಗೋಡೆಯ ಅರ್ತ್ ತೂತು ಕೇವಲ ಅಲಂಕಾರಕ್ಕಿತ್ತು. ಹಿತ್ತಲಲ್ಲಿ ಅರ್ತಿಂಗ್ ಗುಂಡಿ ಎಲ್ಲಿ ಎಂದರೆ ಮನೆಯಲ್ಲಿ ಒಬ್ಬರಿಗೂ ನೆನಪಿಲ್ಲ. ಕೊನೆಗೆ ಕೆಲಸದ ಹಳೆಯ ಆಳು ಬಂದು ಕರಿಬೇವಿನ ಗಿಡದ ಬುಡ ತೋರಿಸಿದ. ಪೈಪು ನೆಟ್ಟು, ಸುತ್ತ ಇದ್ದಿಲು ಉಪ್ಪು ತುಂಬಿ ಮಾಡಿದ ಗುಂಡಿ. ಮಣ್ಣು ಒಣಗಿದರೆ ಕರೆಂಟು ಇಳಿಯುವುದಿಲ್ಲ, ಅದಕ್ಕೇ ಬೇಸಿಗೆಯಲ್ಲಿ ಆಗಾಗ ನೀರು ಹೊಯ್ಯಬೇಕು. ಪೈಪಿನ ತಲೆಗೆ ಕಟ್ಟಿದ ತಂತಿ ಕಿಲುಬು ಹಿಡಿದು ಎಂದೋ ಕಳಚಿಬಿದ್ದಿತ್ತು. ಅದನ್ನು ಸರಿಮಾಡಿಸುವ ಖರ್ಚು ಒಳ್ಳೆಯ ಹೆಡ್‌ಫೋನಿನ ಬೆಲೆಯನ್ನೂ ಮುಟ್ಟಲಿಲ್ಲ. ಅದೇ ಕೈಯಲ್ಲಿ, ಕರೆಂಟಿನ ಸೋರಿಕೆ 30 ಮಿಲಿಆಂಪ್ ಮುಟ್ಟಿದರೆ ತಾನೇ ಬೀಳುವ ಆರ್‌ಸಿಸಿಬಿ ಎಂಬ ಸ್ವಿಚ್ಚನ್ನೂ ಹಾಕಿಸಿದ್ದಾಯಿತು. ಮನೆಯಲ್ಲಿರುವ ಎಲ್ಲ ಯಂತ್ರಗಳ ಪೈಕಿ ಜೀವ ಉಳಿಸುವುದು ಅದೊಂದೇ. ಯಾರೂ ನನಗೆ ಫೋನು ಮಾಡಿ ಯಾವ ಕಂಪನಿಯ ಆರ್‌ಸಿಸಿಬಿ ಒಳ್ಳೆಯದು ಎಂದು ಕೇಳಿಲ್ಲ.

ಅರ್ತಿಂಗ್ ಇಲ್ಲದ ಮನೆಗೆ ಸ್ಪೈಕ್ ಗಾರ್ಡ್ ತರುವವರನ್ನು ಕಂಡರೆ ಪಾಪ ಅನ್ನಿಸುತ್ತದೆ. ಹೆಚ್ಚಾಗಿ ಬಂದ ವೋಲ್ಟೇಜನ್ನು ಅದರೊಳಗಿನ ವೇರಿಸ್ಟರ್ ಎಂಬ ಬಿಲ್ಲೆ ಭೂಮಿಯತ್ತ ತಿರುಗಿಸಬೇಕು. ಭೂಮಿಯೇ ಇಲ್ಲದಿದ್ದರೆ ಅರ್ಧ ಕೆಲಸ ಅಲ್ಲೇ ನಿಂತಿತು. ಆ ಬಿಲ್ಲೆ ಹೊಡೆತ ತಿಂದಷ್ಟೂ ಸವೆಯುತ್ತದೆ ಎಂಬುದೂ, ಅಗ್ಗದ ಡಬ್ಬಗಳಲ್ಲಿ ಅದು ಇರುವುದೇ ಇಲ್ಲ ಎಂಬುದೂ ಬೇರೆ ಮಾತು.

ಇನ್ನು ಸಿಡಿಲು. ಭರಣಿ, ಕೃತ್ತಿಕೆ ಮಳೆಯ ಹೊತ್ತಿಗೆ, ಆಮೇಲೆ ಚಿತ್ತೆ, ಸ್ವಾತಿಯ ಹೊತ್ತಿಗೆ ನಮ್ಮ ಕಡೆ ಮಧ್ಯಾಹ್ನ ಮೂರಕ್ಕೆ ಮೋಡ ಕಟ್ಟಿತೆಂದರೆ ಸಂಜೆಗೆ ಯಾರದೋ ಮನೆಯ ಟಿವಿ ಹೋಯಿತು ಎಂದೇ ಲೆಕ್ಕ. "ಸ್ವಿಚ್ ಆಫ್ ಮಾಡಿದ್ದೆ, ಆದ್ರೂ ಹೋಯ್ತು" ಎನ್ನುತ್ತಾರೆ. ಸ್ವಿಚ್ಚು ಬಿಡಿಸುವುದು ಫೇಸ್ ತಂತಿಯೊಂದನ್ನು, ಅದೂ ಕೆಲವೇ ಮಿಲಿಮೀಟರ್. ಮೋಡದಿಂದ ಭೂಮಿಗೆ ಜಿಗಿದು ಬಂದದ್ದಕ್ಕೆ ಅದೊಂದು ಅಡ್ಡಿಯೆ? ನ್ಯೂಟ್ರಲ್ ಮತ್ತು ಅರ್ತ್ ಹಾಗೇ ಕೂಡಿಕೊಂಡಿರುತ್ತವೆ. ಪ್ಲಗ್ಗನ್ನೇ ಕೀಳಬೇಕು. ಡಿಶ್ಶಿನ ಕೇಬಲನ್ನೂ ಕೀಳಬೇಕು. ಗುಡುಗು ತಲೆಯ ಮೇಲೆ ಬಂದ ನಂತರವಲ್ಲ, ದೂರದಲ್ಲಿ ಕೇಳಿಸಿದಾಗಲೇ.

ಈ ವಿಷಯದಲ್ಲಿ ಫೈಬರ್ ದೊಡ್ಡ ಉಪಕಾರ ಮಾಡಿದೆ. ಲ್ಯಾಂಡ್‌ಲೈನಿನ ತಾಮ್ರದ ತಂತಿ ಗದ್ದೆ, ತೋಟ, ಗುಡ್ಡ ದಾಟಿ ಬರುವಾಗ ದಾರಿಯ ಸಿಡಿಲನ್ನೆಲ್ಲ ಕರೆದುಕೊಂಡು ಬರುತ್ತಿತ್ತು. ಗಾಜಿನೆಳೆಗೆ ವಿದ್ಯುತ್ತು ಹಿಡಿಯುವುದಿಲ್ಲ. ಆದರೆ ಕಂಬದಿಂದ ಕಂಬಕ್ಕೆ ಎಳೆಯುವ ಕೇಬಲಿನಲ್ಲಿ ಭಾರ ತಡೆಯಲು ಉಕ್ಕಿನ ತಂತಿ ಇರುವುದುಂಟು. ಅದನ್ನು ಗೋಡೆಯ ಹೊರಗೇ ಕತ್ತರಿಸಿ ಕಟ್ಟಿ, ಗಾಜಿನೆಳೆ ಮಾತ್ರ ಒಳಗೆ ಬರುವಂತೆ ಮಾಡಿ ಎಂದು ಬಂದ ಹುಡುಗನಿಗೆ ಹೇಳಿ. ಮನೆಯಿಂದ ಕೊಟ್ಟಿಗೆಗೋ ಅಡಿಕೆ ಚಪ್ಪರದ ಕ್ಯಾಮೆರಾಕ್ಕೋ ಅಂಗಳದ ಮೇಲೆ ತಾಮ್ರದ ಕೇಬಲ್ ಎಳೆದಿದ್ದರೆ ಮಾತ್ರ ಲ್ಯಾಂಡ್‌ಲೈನಿನ ಹಳೇ ಕಥೆಯೇ ಮರಳಿ ಬಂದಂತೆ. ಅಲ್ಲಿಗೂ ಫೈಬರನ್ನೇ ಹಾಕಿ ಎರಡು ತುದಿಗೂ ಒಂದೊಂದು ಕನ್ವರ್ಟರ್ ಡಬ್ಬಿ ಇಡುವುದು ಜಾಣತನ.

ಫೈಬರಿಗೆ ಅದರದೇ ಬಿಗುಮಾನವಿದೆ. ಮೊಳೆಗೆ ಸುತ್ತಿ ಬಿಗಿದರೆ, ಬಾಗಿಲ ಸಂದಿಯಲ್ಲಿ ಮಡಚಿದರೆ ಬೆಳಕು ಬಾಗಿನಲ್ಲೇ ಸೋರಿಹೋಗುತ್ತದೆ. ಡಬ್ಬದ ಮೇಲೆ ಲಾಸ್ ಎಂಬ ದೀಪ ಕೆಂಪಗೆ ಮಿಣುಕಿದರೆ ಬೆಳಕು ಬರುತ್ತಲೇ ಇಲ್ಲ ಎಂದರ್ಥ, ರೂಟರನ್ನು ಹತ್ತು ಸಲ ಆರಿಸಿ ಹೊತ್ತಿಸಿದರೂ ಪ್ರಯೋಜನವಿಲ್ಲ. ದೀಪ ಹಸಿರಿದ್ದೂ ನೆಟ್ಟು ತಡವರಿಸುತ್ತಿದ್ದರೆ ರೂಟರಿನ ಪುಟದಲ್ಲಿ ಆರ್‌ಎಕ್ಸ್ ಪವರ್ ಎಂಬ ಅಂಕಿ ನೋಡಿ. ಮೈನಸ್ 20ರ ಆಸುಪಾಸು ಆರಾಮ, ಮೈನಸ್ 27 ದಾಟಿದರೆ ಎಲ್ಲೋ ಜೋಡಣೆ ಕೆಟ್ಟಿದೆ. ಈ ಅಂಕಿಯನ್ನು ಹೇಳಿ ದೂರು ಕೊಟ್ಟರೆ ಕಸ್ಟಮರ್ ಕೇರಿನವರ ದನಿಯೇ ಬದಲಾಗುತ್ತದೆ. ಎಳೆಯ ತುದಿ ಕಿತ್ತು ಕಣ್ಣಿಗೆ ಹಿಡಿದು ಬೆಳಕು ಬರ್ತಿದೆಯಾ ಎಂದು ಮಾತ್ರ ನೋಡಬೇಡಿ. ಆ ಬೆಳಕು ಕಣ್ಣಿಗೆ ಕಾಣುವ ಬಗೆಯದ್ದಲ್ಲ, ಕಾಣದ ಲೇಸರನ್ನು ಕಣ್ಣಿಗೆ ಬಿಟ್ಟುಕೊಂಡ ಹಾಗಾಗುತ್ತದೆ.

ಕರೆಂಟು ಹೋದಾಗ ಇಡೀ ಮನೆಗೆ ಇನ್ವರ್ಟರ್ ಬೇಕೇ ಬೇಕು ಅಂತಿಲ್ಲ. ರೂಟರುಗಳು ಬಹುಪಾಲು 12 ವೋಲ್ಟಿನವು. ಅಂಗೈಯಗಲದ ಮಿನಿ ಯುಪಿಎಸ್ ಅದನ್ನು ಕೆಲವು ಗಂಟೆ ಸಾಕುತ್ತದೆ. ಕೊಳ್ಳುವ ಮುಂಚೆ ರೂಟರಿನ ಅಡಾಪ್ಟರ್ ಮೇಲೆ ಬರೆದ ವೋಲ್ಟು, ಆಂಪು ಓದಿಕೊಂಡರಾಯಿತು. ಇನ್ವರ್ಟರೇ ತರುವುದಾದರೆ ಸೈನ್ ವೇವ್ ತನ್ನಿ. ಅಗ್ಗದ ಸ್ಕ್ವೇರ್ ವೇವಿನಲ್ಲಿ ಫ್ಯಾನು ರಾತ್ರಿಯಿಡೀ ಗುಂಯ್ ಎಂದು ಹಾಡುತ್ತದೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಟಿವಿ ಎಷ್ಟು ಇಂಚು ಎನ್ನುವುದಕ್ಕಿಂತ ಸೋಫಾ ಎಷ್ಟು ದೂರ ಎಂದು ಅಳೆಯಿರಿ. ಹತ್ತಡಿ ಆಚೆ ಕೂತು 43 ಇಂಚಿನದನ್ನು ನೋಡುವವರ ಕಣ್ಣಿಗೆ ಫುಲ್ ಎಚ್‌ಡಿಗೂ 4ಕೆಗೂ ಅಂತರ ಕಾಣುವುದು ಕಷ್ಟ. ಎಚ್‌ಡಿಎಂಐ ಕೇಬಲಿಗೆ ಚಿನ್ನದ ಲೇಪ ಬೇಡ, ಮೊಳದುದ್ದದ ಕೇಬಲಿನಲ್ಲಿ ಅಂಕಿಗಳು ಬಂದರೆ ಪೂರ್ತಿ ಬರುತ್ತವೆ, ಇಲ್ಲದಿದ್ದರೆ ಚಿತ್ರ ಹರಿದುಹೋಗುತ್ತದೆ, ಬಣ್ಣವೇನೂ ಹೆಚ್ಚುವುದಿಲ್ಲ. ಫ್ರಿಜ್ಜಿನ ಸ್ಟಾರ್ ಎಣಿಸುವ ಬದಲು ಅದರ ಕೆಳಗೆ ಅಚ್ಚಾದ ವರ್ಷಕ್ಕೆ ಇಷ್ಟು ಯೂನಿಟ್ ಎಂಬ ಅಂಕಿ ಓದಿ. ಸ್ಟಾರಿನ ಅಳತೆಗೋಲನ್ನು ಸರ್ಕಾರ ಆಗಾಗ ಬಿಗಿಮಾಡುವುದರಿಂದ ಗೋಡೌನಿನ ಹಳೆಯ ಐದು ಸ್ಟಾರು ಹೊಸ ಲೆಕ್ಕದಲ್ಲಿ ಕೆಳಗಿಳಿದಿರಬಹುದು. 100 ಎಂಬಿಪಿಎಸ್ ಪ್ಲಾನಿನಲ್ಲಿ ಸೆಕೆಂಡಿಗೆ 100 ಮೆಗಾಬೈಟ್ ಇಳಿಯುತ್ತಿಲ್ಲ ಎಂದು ಜಗಳಕ್ಕೆ ಹೋಗಬೇಡಿ, ಅದು ಬಿಟ್ಟಿನ ಲೆಕ್ಕ, ಎಂಟರಿಂದ ಭಾಗಿಸಿ.

ಲ್ಯಾಪ್‌ಟಾಪಿನ ವಿಷಯಕ್ಕೆ ಬಂದರೆ, ಈಚೆಗೆ ನನ್ನ ಫೋನು ಬಿಸಿಯಾದದ್ದು 2025ರ ಅಕ್ಟೋಬರ್ 14ರ ನಂತರ. ಅಂದು ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ ನಿಂತಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು, ಪ್ರೊಸೆಸರ್ ಸಾಲದು ಎಂದು ಗಟ್ಟಿಮುಟ್ಟಾದ ಯಂತ್ರಗಳನ್ನೂ ಅದು ಹೊಸ್ತಿಲಲ್ಲೇ ತಡೆಯುತ್ತದೆ. ಮೂಲೆಗೆ ಎಸೆಯಿರಿ ಎಂದು ಅಂಗಡಿಯವರ ಸಲಹೆ. ನನಗೆ ಒಳ್ಳೆಯ ಯಂತ್ರ ಮೂಲೆಗೆ ಹೋಗುವುದನ್ನು ನೋಡಲಾಗುವುದಿಲ್ಲ. ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ವಿಂಡೋಸಿನ ಬದಲು ಲಿನಕ್ಸ್ ಮಿಂಟ್ ಹಾಕಿದರೆ ಹತ್ತು ವರ್ಷದ ಯಂತ್ರವೂ ಕಾಫಿ ಕುದಿಯುವ ಮುಂಚೆ ಎದ್ದು ನಿಲ್ಲುತ್ತದೆ. ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಿ, ಮನಸ್ಸಿಗೆ ಬಂದರೆ ಮಾತ್ರ ಒಳಗೆ ಇಳಿಸಬಹುದು. ಪತ್ರ ಬರೆಯುವವರಿಗೆ, ಬ್ಯಾಂಕು ನೋಡುವವರಿಗೆ, ಯಕ್ಷಗಾನದ ವಿಡಿಯೊ ನೋಡುವವರಿಗೆ ಧಾರಾಳ ಸಾಕು. ಟ್ಯಾಲಿ, ಫೋಟೊಶಾಪ್ ಎಂದು ಪಟ್ಟು ಹಿಡಿಯುವವರಿಗೆ ಈ ಮಾತು ಅನ್ವಯಿಸುವುದಿಲ್ಲ. ಬೆಂಗಳೂರಿಗೆ ಹೋದವರು ಎಸ್.ಪಿ. ರೋಡಿಗೆ ಒಮ್ಮೆ ಹೊಕ್ಕು ಬನ್ನಿ. ಒಂದು ಸ್ಕ್ರೂನಿಂದ ಹಿಡಿದು ಹಳೆಯ ಲ್ಯಾಪ್‌ಟಾಪಿನ ಕೀಲಿಮಣೆಯವರೆಗೆ ಅಲ್ಲಿ ಸಿಗದ್ದಿಲ್ಲ. ಬಿಲ್ಲು ಮಾತ್ರ ಬಾಯಿ ಬಿಟ್ಟು ಕೇಳಿ ಪಡೆಯಬೇಕು.

ದೊಡ್ಡಪ್ಪ ನಿವೃತ್ತ ಕನ್ನಡ ಮೇಷ್ಟ್ರು. ಅವರ ಕಂಪ್ಯೂಟರು ಟಕ್ ಟಕ್ ಎನ್ನತೊಡಗಿದಾಗ, "ಯಾವ ಹಾರ್ಡ್ ಡಿಸ್ಕ್ ತರಿಸ್ಲಿ?" ಎಂದರು. ಅದು ಆಮೇಲೆ, ಮೊದಲು ಒಳಗೇನಿದೆ ಹೇಳಿ ಎಂದೆ. ಊರಿನ ಚರಿತ್ರೆ, ಮನೆತನದ ವಂಶಾವಳಿ, ಹಳೆಯ ಶಾಸನಗಳ ಪಾಠ, ಇಪ್ಪತ್ತು ವರ್ಷಕ್ಕೂ ಮೀರಿ ಒಂದೇ ಬೆರಳಲ್ಲಿ ಕುಟ್ಟಿದ್ದು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯ ಹೊರಗೆ ಎಂಬುದು ಈ ಕಸುಬಿನವರ ಹಳೆಯ ಸೂತ್ರ. ಒಂದನ್ನು ಹೊರಗಿನ ಡಿಸ್ಕಿಗೆ ಇಳಿಸಿ, ಇನ್ನೊಂದನ್ನು ಮೈಸೂರಿನಲ್ಲಿರುವ ಅವರ ಮಗಳ ಮನೆಗೆ ಕಳಿಸಿದ್ದಾಯಿತು. ಪೆನ್‌ಡ್ರೈವು ಬೇಡವೆಂದೆ. ವರ್ಷಗಟ್ಟಲೆ ಕರೆಂಟು ಕಾಣದೆ ಡ್ರಾಯರಿನಲ್ಲಿ ಬಿದ್ದರೆ ಅದರೊಳಗಿನ ಚಾರ್ಜು ಸೋರಿಹೋಗಬಹುದು.

ನಿಜವಾದ ತೊಡಕು ಎದ್ದದ್ದು ಹೊರಗಿನ ಡಿಸ್ಕಿನ ಪ್ರತಿಯನ್ನು ಬೇರೆ ಯಂತ್ರದಲ್ಲಿ ತೆರೆದಾಗ. ಕನ್ನಡ ಇರಬೇಕಾದಲ್ಲಿ ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಗೀಟಿರುವ ಎ, ನಡುನಡುವೆ ಪೌಂಡಿನ ಚಿಹ್ನೆ. "ಡಿಸ್ಕು ಹಾಳಾಗಿದೆ ಅಲ್ವಾ?" ಎಂದು ದೊಡ್ಡಪ್ಪನ ದನಿ ಇಳಿಯಿತು. ಡಿಸ್ಕು ಚೆನ್ನಾಗಿಯೇ ಇತ್ತು, ತೊಡಕಿದ್ದದ್ದು ಹಳೆಯ ಅಕ್ಷರಶೈಲಿಯಲ್ಲಿ. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಎಂಬ ತಂತ್ರಾಂಶ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಕಂಪ್ಯೂಟರಿನಲ್ಲಿ ಕನ್ನಡ ಬರೆದ ಒಂದು ತಲೆಮಾರು ಇವೆರಡರಿಂದಲೇ ಬರೆದದ್ದು. ಆಗಿನ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳನ್ನೇ ಎರವಲು ಪಡೆದು, ಅವುಗಳ ಮೇಲೆ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದವು. ಆ ಅಕ್ಷರಶೈಲಿ ಇರುವಲ್ಲಿ ಕನ್ನಡ, ಇಲ್ಲದಲ್ಲಿ ಪೌಂಡು. ಈಗಿನ ಯೂನಿಕೋಡಿನಲ್ಲಿ ಕನ್ನಡಕ್ಕೆ ಅದರದೇ ಸಂಖ್ಯೆಗಳಿವೆ, ಫೋನಿನಲ್ಲಿ ತೆರೆದರೂ ಕನ್ನಡವೇ. ಮನೆಯಲ್ಲಿ ಹಳೆಯ ನುಡಿ, ಬರಹದ ಕಡತಗಳಿರುವವರು ಹೊಸ ಕಂಪ್ಯೂಟರ್ ಕೊಳ್ಳುವ ಉತ್ಸಾಹವನ್ನು ಸ್ವಲ್ಪ ತಡೆದು ಮೊದಲು ಅವನ್ನು ಯೂನಿಕೋಡಿಗೆ ತಿರುಗಿಸಿಟ್ಟುಕೊಳ್ಳಿ. ಪರಿವರ್ತಿಸುವ ತಂತ್ರಾಂಶ ಬಿಟ್ಟಿಯಾಗಿ ಸಿಗುತ್ತದೆ.

ತಿರುಗಿಸಿದ ಮೇಲೆ ಓದಲೇಬೇಕು, ವಿಶೇಷವಾಗಿ ಅರ್ಕಾವೊತ್ತು ಇರುವಲ್ಲಿ. ಹಳೆಯ ಕಡತದಲ್ಲಿ ಅದು ಅಕ್ಷರದ ಬಲಕ್ಕೆ ನಿಂತಿರುತ್ತದೆ, ಯೂನಿಕೋಡಿನಲ್ಲಿ ರಕಾರ ಎಡಕ್ಕೆ ಬರಬೇಕು. ಈ ಜಿಗಿತದಲ್ಲಿ ಪರಿವರ್ತಕ ಎಡವಿದರೆ ಸೂರ್ಯನ ರೇಫ ಕಳಚಿ ಪಕ್ಕದಲ್ಲೊಂದು ವಿಚಿತ್ರ ಗುರುತು ಉಳಿಯುತ್ತದೆ. ಪರದೆಯ ಮೇಲೆ ಕರಡು ತಿದ್ದುವುದು ತಮ್ಮಿಂದಾಗದು, ಕಾಗದದ ಮೇಲೆ ಬೇಕು ಎಂದರು ದೊಡ್ಡಪ್ಪ. ಹೀಗಾಗಿ ಕೊನೆಗೆ ಕೊಂಡದ್ದು ಪ್ರಿಂಟರು. ಬಣ್ಣದ ಇಂಕಿನದು ಬೇಡವೆಂದೆ. ತಿಂಗಳುಗಟ್ಟಲೆ ಬಳಸದೆ ಬಿಟ್ಟರೆ ಅದರ ಬಾಯಿ ಒಣಗಿ ಕಟ್ಟಿಕೊಳ್ಳುತ್ತದೆ, ಲೇಸರಿನ ಟೋನರು ಪುಡಿ, ಒಣಗುವ ಪ್ರಶ್ನೆಯೇ ಇಲ್ಲ. ಕಪ್ಪುಬಿಳುಪಿನ ಸಾದಾ ಲೇಸರ್ ಬಂತು. ಆಷಾಢದ ಥಂಡಿಗೆ ಕಾಗದ ಮೆತ್ತಗಾಗಿ ಎರಡೆರಡು ಒಟ್ಟಿಗೇ ನುಗ್ಗಿ ಸಿಕ್ಕಿಕೊಳ್ಳುತ್ತಿತ್ತು. ಬಿಚ್ಚಿದ ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟು, ಬೇಕಾದಷ್ಟೇ ತೆಗೆದು ಹಾಕಿ ಎಂದಮೇಲೆ ಸರಿಹೋಯಿತು.

ಈಗ ದೊಡ್ಡಪ್ಪ ದಿನಾ ಮಧ್ಯಾಹ್ನ ಜಗಲಿಯಲ್ಲಿ ಕೆಂಪು ಪೆನ್ನು ಹಿಡಿದು ಕೂರುತ್ತಾರೆ. ತಿದ್ದಿದ ಹಾಳೆಗಳ ಫೋಟೊ ನನಗೆ ವಾಟ್ಸಾಪಿನಲ್ಲಿ ಬರುತ್ತದೆ, ಅಂಚಿನಲ್ಲಿ "ಯಂತ್ರದೋಷ" ಎಂದು ಷರಾ ಬರೆದಿರುತ್ತಾರೆ. ಅವುಗಳಲ್ಲಿ ಕೆಲವು ಅವರದೇ ಹಳೆಯ ಕಾಗುಣಿತದ ತಪ್ಪುಗಳು. ಮೇಷ್ಟ್ರಿಗೆ ಅದನ್ನು ಯಾರು ಹೇಳಬೇಕು, ಎಲ್ಲವನ್ನೂ ಯಂತ್ರದ ಲೆಕ್ಕಕ್ಕೇ ಸೇರಿಸಿ ತಿದ್ದುತ್ತಿದ್ದೇನೆ.